ನ್ಯಾಯಾಧೀಶರ ಕಣ್ಣಿಗೆ ಕಾಣದವಳು

ಇಬಾದಾನ್
ಮೇ ೩, ಭಾನುವಾರ

ಅಮ್ಮನಿಗೆ,

ಅಕಾಂಕೆ ಮೊಣಕಾಲೂರಿ ಮಾಡುವ ನಮಸ್ಕಾರ. ನಿನ್ನ ಸೊಂಟನೋವು ಹೇಗಿದೆ? ಬಾಣಲೆಯ ಮುಂದೆ ಬಗ್ಗಿ ಕೂರಬೇಡ, ಎತ್ತರದ ಸ್ಟೂಲ್ ತರಿಸಿಕೋ ಎಂದು ಹೇಳಿದ್ದೆ. ತರಿಸಿಲ್ಲವೆಂದು ನನಗೆ ಗೊತ್ತು.

ಈ ಕಾಗದವನ್ನು ನಮ್ಮೂರ ಬಸ್ಸಿನ ಬಾಬಾ ಸೂರಾ ಕೈಯಲ್ಲಿ ಕಳಿಸುತ್ತಿದ್ದೇನೆ. ಫೋನ್ ಇರುವಾಗ ಕಾಗದವೇಕೆ ಅನ್ನುತ್ತೀ. ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕಿ ಅಕಾರಾ ವಡೆಯ ಹಿಟ್ಟಿನ ಪಾತ್ರೆಯ ಪಕ್ಕ ಇಡುತ್ತೀ, ಆಮೇಲೆ ಮಾರುಕಟ್ಟೆಯ ಅರ್ಧ ಸಾಲು ನನ್ನ ಜೊತೆ ಮಾತಾಡುತ್ತದೆ. ಕಳೆದ ಬುಧವಾರ ಹಾಗೇ ಆಯಿತು. ಹದಿನಾಲ್ಕನೇ ತಾರೀಖು ಹೈಕೋರ್ಟಿನಲ್ಲಿ ನಾನೊಬ್ಬಳೇ ನಡೆಸುವ ಕೇಸಿದೆ ಎಂದು ನಿನಗೊಬ್ಬಳಿಗೆ ಹೇಳಿದ್ದು. ಹಿಂದಿನಿಂದ ಉಪ್ಪು ಮಾರುವ ಇಯಾ ಗನಿಯು, "ಇಯಾ ಲೋಯಾ, ನಾವೂ ಬರ್ತೀವಿ, ಒಂದು ವ್ಯಾನ್ ಮಾಡ್ಸು" ಎಂದರು. ಲಾಯರ್ ತಾಯಿ, ಇಯಾ ಲೋಯಾ. ನಾನು ಪಾಸಾದ ದಿನದಿಂದ ನಿನ್ನ ಸ್ವಂತ ಹೆಸರು ಆ ಸಾಲಿನಲ್ಲಿ ಯಾರ ನಾಲಿಗೆಯ ಮೇಲೂ ಉಳಿದಿಲ್ಲ. ಆ ಕೂಗಿಗೆ ನೀನು ಓಗೊಡುವ ದನಿಯೇ ಬೇರೆ. ಅದು ಫೋನಿನಲ್ಲೂ ಗೊತ್ತಾಗುತ್ತದೆ.

ಅಮ್ಮ, ಹದಿನಾಲ್ಕಕ್ಕೆ ಬರಬೇಡ. ನೀನೂ ಬೇಡ, ಅವರೂ ಬೇಡ. ನ್ಯಾಯಾಧೀಶರಿಗೆ ಮೈ ಸರಿಯಿಲ್ಲ, ಅಂದು ಅವರು ಬರದೇ ಇರಬಹುದು. ಕೋರ್ಟಿನ ನೌಕರರು ಮುಷ್ಕರ ಮಾಡುತ್ತಾರಂತೆ. ಅಲ್ಲದೆ ಆ ಹಾಲಿನಲ್ಲಿ ಫ್ಯಾನು ತಿರುಗುವುದಿಲ್ಲ, ನಿನಗೆ ಸೆಕೆ ತಡೆಯದು.

ಇಷ್ಟು ಬರೆದು ಓದಿ ನೋಡಿದೆ. ಸಾಕ್ಷಿ ಹೇಳುವವನು ಒಂದು ಕಾರಣ ಕೊಟ್ಟರೆ ನಂಬಬಹುದು, ಮೂರು ಕೊಟ್ಟರೆ ಸುಳ್ಳು ಎಂದು ನಮ್ಮ ಆಫೀಸಿನ ಹಿರಿಯರು ಚೀಫ್ ಅಗ್ಬೂಲಾ ಆಗಾಗ ಹೇಳುತ್ತಾರೆ. ನಾನು ಮೂರು ಕೊಟ್ಟಿದ್ದೇನೆ. ಹರಿದು ಬೇರೆ ಬರೆಯಬಹುದಿತ್ತು. ದಣಿವಾಗಿದೆ, ಇದ್ದದ್ದನ್ನೇ ಬರೆಯುತ್ತೇನೆ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಕೆಳಗಿನ ಕೋರ್ಟುಗಳಲ್ಲಿ ಕಪ್ಪು ಕೋಟು ಸಾಕು. ಹೈಕೋರ್ಟಿನಲ್ಲಿ ಮಾತ್ರ ಗೌನು ಬೇಕು, ತಲೆಯ ಮೇಲೆ ಕುದುರೆ ಕೂದಲಿನ ವಿಗ್ ಬೇಕು. ಇಲ್ಲದೆ ಎದ್ದು ನಿಂತ ವಕೀಲ ನ್ಯಾಯಾಧೀಶರ ಕಣ್ಣಿಗೆ ಕಾಣುವುದಿಲ್ಲ. ಬೈಯುವುದಿಲ್ಲ, ಹೊರಗೆ ಕಳಿಸುವುದಿಲ್ಲ. ಅವನು ಅಲ್ಲಿ ಇಲ್ಲವೇ ಇಲ್ಲ. ಕಾಲೇಜಿನಲ್ಲಿ ಇದನ್ನು ಕೇಳಿ ನಾವೆಲ್ಲ ನಕ್ಕಿದ್ದೆವು.

ನನ್ನ ಜೊತೆ ಕೋಣೆಯಲ್ಲಿರುವ ಇದಾರಾ ನಿನಗೆ ಗೊತ್ತಲ್ಲ. ಪದವಿ ಪ್ರದಾನದ ದಿನ ನಿನ್ನ ಅಕಾರಾವನ್ನು ಕಾಗದದ ಸಮೇತ ತಿಂದವಳು. ಅವಳೂ ಬೇರೊಂದು ಆಫೀಸಿನಲ್ಲಿ ನನ್ನಂತೆಯೇ ಕಿರಿಯ ವಕೀಲೆ. ನಮ್ಮಿಬ್ಬರಲ್ಲಿ ಒಬ್ಬಳು ಡಿಸೆಂಬರಿನಲ್ಲಿ ತನ್ನ ವಿಗ್ಗನ್ನೂ ಗೌನನ್ನೂ ಮಾರಿಬಿಟ್ಟಳು. ಯಾರೆಂದು ಬರೆಯುವುದು ಬೇಡ, ಅವಳಿಗೆ ನಾಚಿಕೆ. ಅಂದಿನಿಂದ ಒಂದೇ ವಿಗ್ಗು, ಒಂದೇ ಗೌನು, ಎರಡು ತಲೆ.

ಇದು ಕೇಳಿದಷ್ಟು ಕಷ್ಟವೇನಲ್ಲ. ನನ್ನ ಕೆಲಸ ಹೆಚ್ಚಾಗಿ ಕೆಳಗಿನ ಕೋರ್ಟಿನಲ್ಲಿ. ಹೈಕೋರ್ಟಿಗೆ ಚೀಫ್ ನನ್ನನ್ನು ಕಳಿಸುವುದು ದಿನಾಂಕ ಮುಂದಕ್ಕೆ ಹಾಕಿಸಿಕೊಂಡು ಬರಲಿಕ್ಕೆ. ಇಬ್ಬರಿಗೂ ಒಂದೇ ದಿನ ಬಿದ್ದರೆ ಇದಾರಾ ತನ್ನ ಕೋರ್ಟಿನಲ್ಲಿ ಮೊದಲು ಮುಗಿಸಿ, ಜನರೇಟರ್ ಕೋಣೆಯ ಹಿಂದೆ ಬಂದು ಕೊಡುತ್ತಿದ್ದಳು. ಹಾಕಿಕೊಂಡಾಗ ವಿಗ್ಗಿನೊಳಗೆ ಅವಳ ತಲೆಯ ಬಿಸಿ ಇರುತ್ತಿತ್ತು. ಒಮ್ಮೆ ಅವಳು, "ನಿನ್ ತಲೇಲಿರೋ ಕಾನೂನೆಲ್ಲ ನಂಗೆ ಅಂಟ್ಕೊಳ್ತಿದೆ ಕಣೇ, ಅದಕ್ಕೇ ಸೋಲ್ತಿದೀನಿ" ಎಂದಳು.

ಸಂಬಳದ ವಿಷಯ ನೀನು ಕೇಳಿದಾಗಲೆಲ್ಲ ನಾನು ಮಾತು ತಿರುಗಿಸಿದ್ದೇನೆ. ಚೀಫ್ ಕೊಡುವುದಕ್ಕೆ ಅವರು ಸಂಬಳ ಎನ್ನುವುದಿಲ್ಲ, ಬಸ್ ಚಾರ್ಜು ಎನ್ನುತ್ತಾರೆ. ಪೆಟ್ರೋಲ್ ದರ ಏರಿದ ಮೇಲೆ ಅದು ಬಸ್ ಚಾರ್ಜೂ ಅಲ್ಲ. ಕಳೆದ ವರ್ಷ ಒಮ್ಮೆ ಧೈರ್ಯ ಮಾಡಿ ಕೇಳಿದೆ. ಅವರು ಕನ್ನಡಕ ಒರೆಸುತ್ತ, "ನಮ್ ಕಾಲದಲ್ಲಿ ನಾವೇ ಗುರುಗಳ ಮನೆಗೆ ಗೆಣಸು ಹೊತ್ಕೊಂಡು ಹೋಗ್ತಿದ್ವಿ ಮಗಳೇ. ನಾನು ನಿನ್ನ ಹತ್ರ ಗೆಣಸು ಕೇಳಿದೀನಾ?" ಎಂದರು. ಕೇಳಿಲ್ಲ. ನಾನು ವಂದಿಸಿ ಹೊರಗೆ ಬಂದೆ. ಅವರು ಕೆಟ್ಟವರಲ್ಲ, ಅದೇ ತೊಂದರೆ.

ಈಗ ಆ ಕೇಸಿನ ವಿಷಯ. ಇಯಾ ರಿಸಿ ಎಂಬಾಕೆ ನಮ್ಮ ಬೀದಿಯ ಕೊನೆಯಲ್ಲಿ ಮೆಣಸಿನಕಾಯಿ ರುಬ್ಬುವ ಮೆಷಿನ್ ಇಟ್ಟುಕೊಂಡಿದ್ದಾರೆ. ಹದಿನಾರು ವರ್ಷದಿಂದ ಅದೇ ಜಾಗ. ಜಾಗದ ಯಜಮಾನ ತೀರಿಕೊಂಡ ಮೇಲೆ ಅವನ ಮಕ್ಕಳು ಅಲ್ಲಿ ಅಂಗಡಿಸಾಲು ಕಟ್ಟುತ್ತೇವೆಂದು ಮೆಷಿನ್ನಿಗೆ ಸರಪಳಿ ಸುತ್ತಿ ಬೀಗ ಹಾಕಿದರು. ಆಕೆಯನ್ನು ಚೀಫ್ ಬಳಿಗೆ ಕರೆತಂದವಳು ನಾನೇ. ಅದಕ್ಕೇ ಫೈಲು ನನ್ನ ಕೈಗೆ ಬಂತು, ಎರಡು ವರ್ಷದಲ್ಲಿ ಮೊದಲ ಸಲ.

ಕಳೆದ ಮಂಗಳವಾರ ಕೇಸು ಕರೆಯುವ ದಿನ. ಇದಾರಾಳ ಕೇಸೂ ಅಂದೇ, ಐದನೇ ಹಾಲಿನಲ್ಲಿ. ಅವಳ ನ್ಯಾಯಾಧೀಶರು ಹತ್ತು ಗಂಟೆಗೆಲ್ಲ ಮುಗಿಸುವವರು. ಅಂದು ಯಾಕೋ ವಕೀಲರಿಗೆ ಬುದ್ಧಿ ಹೇಳುತ್ತ ಕೂತುಬಿಟ್ಟರಂತೆ. ನಾನು ಜನರೇಟರ್ ಹಿಂದೆ ಕಾದೆ. ಒಳಗೆ ಗುಮಾಸ್ತ ನಮ್ಮ ಕೇಸು ಕೂಗಿದ. ಬೇರೆ ದಾರಿಯಿರಲಿಲ್ಲ. ಬರಿ ಕೋಟಿನಲ್ಲಿ ಹೋಗಿ ನಿಂತು ನನ್ನ ಹೆಸರು ಹೇಳಿದೆ. ನನ್ನ ದನಿ ನಿನಗೆ ಗೊತ್ತಲ್ಲ, ಮೊದಲೇ ಮೆಲ್ಲಗೆ.

ನ್ಯಾಯಾಧೀಶರು ತಲೆಯೆತ್ತಿದರು. ನನ್ನ ಮೂಲಕ ಹಾದು ಹಿಂದಿನ ಗೋಡೆಯನ್ನು ನೋಡಿದರು. "ಆ ಕಡೆಯಿಂದ ಏನೋ ಸದ್ದು ಬರ್ತಿದೆ. ನಂಗ್ಯಾರೂ ಕಾಣಿಸ್ತಿಲ್ಲ."

ಎದುರು ಪಕ್ಷದ ವಕೀಲರು ನನ್ನಿಂದ ಮೊಳದಷ್ಟು ದೂರದಲ್ಲಿದ್ದರು. ಬೆಳಿಗ್ಗೆಯಷ್ಟೇ ನನ್ನನ್ನು ಮಾತಾಡಿಸಿ, ಚೀಫ್ ಆರೋಗ್ಯ ವಿಚಾರಿಸಿದ್ದರು. ಅವರು ಎದ್ದು, ಕೇಸು ಹಾಕಿದವರ ಪರವಾಗಿ ಯಾರೂ ಹಾಜರಿಲ್ಲ, ವಜಾ ಮಾಡಬೇಕು ಎಂದು ಕೇಳಿಕೊಂಡರು.

ಹಿಂದಿನ ಬೆಂಚಿನಲ್ಲಿ ಇಯಾ ರಿಸಿ ಎದ್ದು ನಿಂತರು. ಹದಿನಾರು ವರ್ಷ ಮೆಷಿನ್ ಸದ್ದಿನ ಮೇಲೆ ಕೂಗಿ ಕೂಗಿ ಆಕೆಯ ದನಿ ಸಣ್ಣದಾಗುವುದೇ ಇಲ್ಲ.

"ಸ್ವಾಮಿ, ನಮ್ ಲಾಯರ್ ಇಲ್ಲೇ ನಿಂತಿದಾಳಲ್ಲ. ಕಪ್ಪು ಕೋಟು. ಒಂಚೂರು ಸಣ್ಣಗಿದಾಳೆ, ಅಷ್ಟೆ."

ಹಾಲೆಲ್ಲ ನಕ್ಕಿತು. ನ್ಯಾಯಾಧೀಶರು ನಗಲಿಲ್ಲ. "ವಿಗ್ಗು ಗೌನು ಇಲ್ಲದ ವಕೀಲರು ಈ ಕೋರ್ಟಿಗೆ ಕಾಣಲ್ಲಮ್ಮ."

"ನಾನು ಕಾಣ್ತೀನಾ?"

"ನೀವು ಕಾಣ್ತೀರಿ."

"ನನ್ ತಲೆ ಮೇಲೂ ಏನಿಲ್ವಲ್ಲ ಸ್ವಾಮಿ, ಈ ಬಟ್ಟೆ ಬಿಟ್ರೆ."

"ನೀವು ಕೇಸು ಹಾಕಿದವರು. ನಿಮಗೆ ಅದು ಬೇಕಾಗಿಲ್ಲ."

"ಸರಿ ಹಾಗಾದ್ರೆ. ಕಾಣೋಳೇ ಮಾತಾಡ್ತೀನಿ. ಕಾಣದೋಳು ಪಕ್ಕದಲ್ಲಿ ನಿಂತಿರ್ಲಿ, ಪಾಪ."

ಆಕೆ ಮುಂದೆ ಬಂದು ಮಾತಾಡಿದರು. ಸರಪಳಿಯ ವಿಷಯ, ಬಾಡಿಗೆಯ ವಿಷಯ, ಸತ್ತ ಯಜಮಾನ ಮಳೆಗಾಲದಲ್ಲಿ ತಾನೇ ಬಂದು ತಗಡು ಹೊದಿಸಿಕೊಟ್ಟ ವಿಷಯ. ನಾನು ರಾತ್ರಿಯೆಲ್ಲ ಕೂತು ಬರೆದಿದ್ದಕ್ಕಿಂತ ಚೆನ್ನಾಗಿತ್ತು. ಆಕೆ ಯಾವ ಕಾಗದದ ಮಾತು ಎತ್ತಿದರೋ ಅದನ್ನು ನಾನು ಫೈಲಿನಿಂದ ತೆಗೆದು ಕೊಟ್ಟೆ. ಗುಮಾಸ್ತ ತೆಗೆದುಕೊಂಡ, ನ್ಯಾಯಾಧೀಶರು ಓದಿದರು. ಯಾರ ಕೈಯಿಂದ ಬಂತೆಂದು ಯಾರೂ ಕೇಳಲಿಲ್ಲ. ಕೊನೆಗೆ ಹದಿನಾಲ್ಕನೇ ತಾರೀಖಿನವರೆಗೆ ಬೀಗ ತೆಗೆದಿರಬೇಕು, ಮೆಷಿನ್ ಮುಟ್ಟಬಾರದು, ಅಂದು ಪೂರ್ತಿ ವಾದ ಕೇಳುತ್ತೇನೆ, ವಕೀಲರಿದ್ದರೆ ಕಾಣುವ ಹಾಗೆ ಬರಲಿ, ಇಲ್ಲದಿದ್ದರೆ ಕೇಸು ತೆಗೆದುಹಾಕುತ್ತೇನೆ ಎಂದು ಆದೇಶವಾಯಿತು.

ಹೊರಗೆ ಬಂದಾಗ ಇದಾರಾ ಗೌನನ್ನು ಎತ್ತಿ ಹಿಡಿದುಕೊಂಡು ಓಡಿ ಬರುತ್ತಿದ್ದಳು. ನನ್ನ ಮುಖ ನೋಡಿ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ಇಯಾ ರಿಸಿ ನಮ್ಮಿಬ್ಬರನ್ನೂ ಆ ಒಂದು ವಿಗ್ಗನ್ನೂ ನೋಡಿದರು. ಅವರಿಗೆ ಏನೂ ಹೇಳಬೇಕಾಗಲಿಲ್ಲ. ರಸ್ತೆಯಾಚೆ ಅಮಲಾ ಮುದ್ದೆ ಮಾರುವವಳ ಹತ್ತಿರ ಕರೆದುಕೊಂಡು ಹೋಗಿ ಇಬ್ಬರಿಗೂ ಊಟ ಹಾಕಿಸಿದರು. "ತಿನ್ನು ಲಾಯರ್. ನೀನು ಕಾಣದೇ ಇರೋದು ವಿಗ್ ಇಲ್ದೆ ಅಲ್ಲ, ಊಟ ಇಲ್ದೆ" ಎಂದರು. ನಾನು ಎರಡು ಸಲ ಬಡಿಸಿಕೊಂಡೆ. ಅಳು ಬರಲಿಲ್ಲ, ಹಸಿವಿತ್ತು.

ಚೀಫ್ ಬೈದದ್ದು ವಿಗ್ಗಿಗಲ್ಲ. "ಆ ಹೆಂಗಸಿಗೆ ತಾನೇ ಮಾತಾಡಬಹುದು ಅಂತ ಗೊತ್ತಾಗೋಯ್ತು. ಇನ್ನು ಇಡೀ ಮಾರುಕಟ್ಟೆಗೆ ಹೇಳ್ತಾಳೆ. ನಾವೆಲ್ಲ ಗೆಣಸು ಬೆಳೆಯೋಣ" ಎಂದರು. ಹದಿನಾಲ್ಕಕ್ಕೆ ತಾವೇ ಹೋಗುವುದಾಗಿ ಹೇಳಿ ಫೈಲು ಇಸಿದುಕೊಂಡರು. ಮರುದಿನ ಇಯಾ ರಿಸಿ ಆಫೀಸಿಗೇ ಬಂದರು. ಚೀಫರಿಗೆ ಮೊಣಕಾಲೂರಿ ನಮಸ್ಕರಿಸಿ, ಆ ಹುಡುಗಿಯೇ ಬೇಕು, ಅವಳಿಗೆ ತನ್ನ ಕಾಗದಗಳೆಲ್ಲ ಎಲ್ಲಿವೆ ಎಂದು ಕಣ್ಣು ಮುಚ್ಚಿಕೊಂಡರೂ ಗೊತ್ತು ಎಂದರು. ಫೈಲು ವಾಪಸು ಬಂತು. ಆ ಖುಷಿಯಲ್ಲೇ ನಾನು ಬುಧವಾರ ನಿನಗೆ ಫೋನ್ ಮಾಡಿದ್ದು. ಫೋನ್ ಇಟ್ಟ ಮೇಲೆ ಇದಾರಾ ತನ್ನ ಡೈರಿ ತೋರಿಸಿದಳು. ಅವಳಿಗೂ ಹದಿನಾಲ್ಕಕ್ಕೇ ಹೈಕೋರ್ಟು.

ಈಗ ಗೊತ್ತಾಯಿತಲ್ಲ, ಯಾಕೆ ಬರಬೇಡ ಅಂದೆನೆಂದು. ನೀನೂ ನಿನ್ನ ಸಾಲಿನ ಮೂವರು ಗೆಳತಿಯರೂ ಒಂದೇ ಬಣ್ಣದ ಬಟ್ಟೆ ಹೊಲಿಸಿಕೊಂಡಿದ್ದೀರಿ. ಅದನ್ನುಟ್ಟು, ತಲೆಬಟ್ಟೆ ಕಟ್ಟಿ, ಮುಂದಿನ ಬೆಂಚಿನಲ್ಲಿ ಕೂತಿರುತ್ತೀರಿ. ನಾನು ಎದ್ದು ನಿಂತಾಗ ನ್ಯಾಯಾಧೀಶರು ಮತ್ತೆ ಹಿಂದಿನ ಗೋಡೆ ನೋಡಿದರೆ? ಇಯಾ ರಿಸಿಯ ಮೆಷಿನ್ ಹೋಗುತ್ತದೆ. ನಿನ್ನ ಹೆಸರೂ ಹೋಗುತ್ತದೆ.

ವಿಗ್ಗು ನಿನ್ನದೇ ಅಲ್ಲವೇ, ಅಂದು ಅವಳಿಗೆ ಕೊಡಬೇಡ ಅನ್ನುತ್ತೀ. ಅದಕ್ಕೆ ಕೊನೆಯಲ್ಲಿ ಉತ್ತರ ಬರೆಯುತ್ತೇನೆ.

ನಮ್ಮ ತರಗತಿಯಲ್ಲಿ ಕಲಿತವರಲ್ಲಿ ಒಬ್ಬ ಬ್ಯಾಂಕಿನಲ್ಲಿ ಕೂತಿದ್ದಾನೆ. ಒಬ್ಬಳು ಚೌರಿ ಕೂದಲು ಮಾರುತ್ತಾಳೆ, ನಮ್ಮೆಲ್ಲರಿಗಿಂತ ಚೆನ್ನಾಗಿದ್ದಾಳೆ. ಒಂದು ಖಾಸಗಿ ಶಾಲೆಯವರು ನನ್ನನ್ನು ಇಂಗ್ಲಿಷ್ ಪಾಠಕ್ಕೆ ಕರೆದಿದ್ದಾರೆ, ನನ್ನ ಮೊದಲಿನ ಸಾಹಿತ್ಯದ ಡಿಗ್ರಿ ನೋಡಿ. ತಿಂಗಳು ತಿಂಗಳು ಕೊಡುತ್ತಾರೆ, ಅದಕ್ಕೆ ಸಂಬಳ ಎಂದೇ ಹೆಸರು. ಆ ಕಾಗದ ನನ್ನ ದಿಂಬಿನ ಕೆಳಗಿದೆ. ಹದಿನೈದರೊಳಗೆ ಉತ್ತರ ಕೇಳಿದ್ದಾರೆ.

ಸೋಮವಾರ ಬೆಳಿಗ್ಗೆ

ನಿನ್ನೆ ಅಷ್ಟಕ್ಕೆ ನಿಲ್ಲಿಸಿದ್ದೆ. ಇದಾರಾ ಈ ಕಾಗದವನ್ನು ಓದಿಬಿಟ್ಟಳು, ಕೇಳದೆ. ಓದಿ ಹೊರಗೆ ಹೋದಳು. ಬಂದು ನನ್ನ ಮುಂದೆ ಒಂದು ಹಾಳೆ ಇಟ್ಟಳು. ಹದಿನಾಲ್ಕನೇ ತಾರೀಖಿನ ತನ್ನ ಕೇಸನ್ನು ಮುಂದಕ್ಕೆ ಹಾಕಬೇಕೆಂದು ತನ್ನ ಕೋರ್ಟಿಗೆ ಬರೆದ ಅರ್ಜಿಯ ಪ್ರತಿ. ಕಾರಣ: ಕುಟುಂಬದ ಹಿರಿಯರ ಆಗಮನ. "ನಿಮ್ಮಮ್ಮ ಮೂರು ಜನಾನ ಕಟ್ಕೊಂಡು ಬರ್ತಿದಾರೆ. ನನ್ ಜಡ್ಜು ಒಂದು ವಾರ ಕಾಯ್ಲಿ ಬಿಡು. ಆದ್ರೆ ಅಕಾರಾ ತರೋಕೆ ಹೇಳು" ಎಂದಳು. ಅವಳ ಆಫೀಸಿನ ಹಿರಿಯರು ಅವಳಿಗೆ ಇದಕ್ಕಾಗಿ ಬೈಯದೇ ಇರುವುದಿಲ್ಲ.

ಆದ್ದರಿಂದ ಬರುವುದು ಬಿಡುವುದು ಇನ್ನು ನಿನಗೆ ಬಿಟ್ಟಿದ್ದು. ಶಾಲೆಯವರಿಗೆ ಇನ್ನೂ ಉತ್ತರ ಬರೆದಿಲ್ಲ. ಬಂದರೆ ಒಂಬತ್ತಕ್ಕೆ ಮುಂಚೆ ಬನ್ನಿ. ಗೇಟಿನವನು ಏನಾದರೂ ಕೇಳಿದರೆ ನನ್ನ ಹೆಸರು ಹೇಳಬೇಡ, ಅವನಿಗೆ ಗೊತ್ತಿಲ್ಲ. ಇಯಾ ರಿಸಿ ಎನ್ನು. ಈಗ ಎಲ್ಲರಿಗೂ ಗೊತ್ತು.

ನಿನ್ನ ಮಗಳು,
ಅಕಾಂಕೆ

ಮರೆತ ಮಾತು: ವಿಗ್ಗು ಯಾರದೆಂದು ಕೊನೆಯಲ್ಲಿ ಬರೆಯುತ್ತೇನೆ ಎಂದಿದ್ದೆ. ನಾನು ಹಾಕಿಕೊಂಡು ಬರುವ ವಿಗ್ಗು ಹಳದಿಗಟ್ಟಿರುತ್ತದೆ. ನಿನ್ನ ಹತ್ತಿರವಿರುವ ನನ್ನ ಫೋಟೋದಲ್ಲಿ ಇರುವುದು ಬೆಳ್ಳಗಿದೆ. ಇಯಾ ಗನಿಯು ಕೇಳಿದರೆ, ಹಳತಾದಷ್ಟೂ ಮರ್ಯಾದೆ ಹೆಚ್ಚು ಎಂದು ಹೇಳು, ಅದು ನಿಜವೂ ಹೌದು. ಆದರೆ ನಿನಗೆ ಗೊತ್ತಿರಲಿ, ಅದು ಇದಾರಾಳ ಚಿಕ್ಕಪ್ಪನ ಕಾಲದ್ದು. ನೀನು ಹೊಲಿಗೆ ಮೆಷಿನ್ ಮಾರಿ ಕೊಡಿಸಿದ್ದನ್ನು ಡಿಸೆಂಬರಿನಲ್ಲಿ ಹೊಸದಾಗಿ ವಕೀಲೆಯಾದ ಒಬ್ಬಳು ಕೊಂಡುಕೊಂಡಳು. ಚಿನ್ನದ ಬಣ್ಣದಲ್ಲಿ ನನ್ನ ಹೆಸರು ಬರೆದಿದ್ದ ಡಬ್ಬಿ ಮಾತ್ರ ಬೇಡವೆಂದಳು. ಅದಕ್ಕೇ ಅದರಲ್ಲಿ ಕಡಲೆಕಾಯಿ ತುಂಬಿ ನಿನಗೆ ಕಳಿಸಿದೆ. ಡಬ್ಬಿಯಿಲ್ಲದೆ ವಿಗ್ಗು ಎಲ್ಲಿಡುತ್ತೀ ಎಂದು ನೀನು ಕೇಳಿದ್ದಕ್ಕೆ, ಆಫೀಸಿನ ಬೀರುವಿನಲ್ಲಿ ಎಂದು ನಾನೆಂದೆ. ಜೊತೆಗೆ ಕಳಿಸಿದ ಹಣ ನನ್ನ ಮೊದಲ ಕಕ್ಷಿದಾರರು ಕೊಟ್ಟ ಫೀಸು ಎಂದಿದ್ದೆ, ಅಲ್ಲ. ಅದರಲ್ಲೇ ನೀನು ನಾಲ್ವರಿಗೂ ಆ ನೀಲಿ ಬಟ್ಟೆ ತೆಗೆದದ್ದು. ಬಂದರೆ ಅದನ್ನೇ ಉಟ್ಟುಕೊಂಡು ಬಾ, ಅಮ್ಮ. ಅಂದು ನನ್ನ ತಲೆಯ ಮೇಲಿರುವುದು ಇದಾರಾಳದ್ದು. ನನ್ನದು ನಿನ್ನ ಮೈಮೇಲಿರುತ್ತದೆ.