ಮನೆಯ ಹಿಂದೆ ಇಳಿಸಬೇಕಿದ್ದ ಕಲ್ಲು

ತಡೆಗೋಡೆಯ ಎಂಜಿನಿಯರ್ ಸಾಹೇಬರಿಗೆ ನಮಸ್ಕಾರ.

ಕಡಲಿನಿಂದ ನಮ್ಮ ಮನೆ ಉಳಿಸಲು ನೀವು ಮಂಜೂರು ಮಾಡಿದ್ದ ಕಲ್ಲುಗಳು ನಿನ್ನೆ ಬಂದವು. “ಮನೆ ಹಿಂದೆ ಇಳಿಸು ಅಂದಿದ್ದಾರೆ. ಮನೆ ಎಲ್ಲಿದೆ ಅಮ್ಮಾ?” ಎಂದು ಲಾರಿ ಡ್ರೈವರ್ ಕೇಳಿದ. ಅಮ್ಮ ನೀರಿನತ್ತ ಕೈ ತೋರಿಸಿ, “ಅಲ್ಲೇ ಇತ್ತಪ್ಪ, ಹೋದ ವಾರದ ತನಕ” ಅಂದಳು. ಪಾಪ, ಅವನು ಲಾರಿ ಆಫ್ ಮಾಡಿಬಿಟ್ಟ.

ನಾವೀಗ ಶಾಲೆಯ ಕೋಣೆಯಲ್ಲಿದ್ದೇವೆ. ತೊಂದರೆಯಿಲ್ಲ, ಫ್ಯಾನ್ ಇದೆ. ಕಲ್ಲುಗಳನ್ನು ರಸ್ತೆಯಾಚೆ ದೊಡ್ಡಮ್ಮನ ಮನೆಗೆ ಹಾಕಿಸಿಕೊಡಿ. ಕಡಲಿಗೆ ಈಗ ಅವರದೇ ಮೊದಲ ಮನೆ.

ಒಂದು ಕಲ್ಲನ್ನು ಮಾತ್ರ ನಮ್ಮ ಗೇಟಿನ ಹತ್ತಿರ ಬಿಡಲು ಹೇಳಿ. ಉಳಿದಿರುವುದು ಆ ಗೇಟೊಂದೇ. ಸಂಜೆಯಾದರೆ ಅಮ್ಮ ಹೋಗಿ ಅದಕ್ಕೆ ಬೀಗ ಹಾಕುತ್ತಾಳೆ, ಆಮೇಲೆ ಅಲ್ಲೇ ನಿಂತಿರುತ್ತಾಳೆ. ಅವಳಿಗೆ ಮಂಡಿನೋವು. ಕೂರಲು ಏನೂ ಇಲ್ಲ.

ಇತಿ,
ಆ ಮನೆಯ ಹಿರಿಮಗಳು