ಇನ್ನೂರು ಎಡತೋಳು

ಹೊಲಿಗೆ ಕಾರ್ಖಾನೆಯ ಹಿಂದಿನ ಬೀದಿ, ಮೂರನೇ ಮಹಡಿ
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ತಂಗೀ,

ಹೇಗಿದ್ದೀಯ? ಮೊಣಕಾಲು ನೋವು ಇಳಿಯಿತೇ? ನಿನ್ನ ಯಜಮಾನರ ಬಿಪಿ ಹತೋಟಿಗೆ ಬಂತೇ? ಹೊಸ ಮನೆಯ ಬಾಲ್ಕನಿಗೆ ತಂದ ಗಿಡಗಳು ಚಿಗುರಿರಬೇಕು. ಫೋನಿನಲ್ಲಿ ನೀನು ನನ್ನ ಆರೋಗ್ಯ ಕೇಳುತ್ತಲೇ ಇರುತ್ತೀಯ, ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ ನಿನಗೆ ಇನ್ನೊಂದು ಕರೆ ಬಂದಿರುತ್ತದೆ. ಅದಕ್ಕೇ ಕಾಗದ ಹಿಡಿದಿದ್ದೇನೆ. ಇದನ್ನು ನಡುವೆ ಕಡಿಯಲು ಆಗುವುದಿಲ್ಲ.

ನಾನು ಗುಣವಾಗುತ್ತಿದ್ದೇನೆ, ಅದೇ ದೊಡ್ಡ ಸುದ್ದಿ. ಎರಡು ವರ್ಷ ಹೇಗಿದ್ದೆ ಎಂದು ನೀನು ನೋಡಿಲ್ಲ. ಬೆಳಿಗ್ಗೆ ಏಳುವಾಗಲೇ ಹಿಂಡಿಟ್ಟ ಬಟ್ಟೆಯ ಹಾಗಿರುತ್ತಿದ್ದೆ. ನಾಲ್ಕು ಲೋಟ ಕಾಫಿ ಬೀಳದೆ ಕಣ್ಣು ಬಿಡುತ್ತಿರಲಿಲ್ಲ, ಮಧ್ಯಾಹ್ನ ಮೂರಕ್ಕೆ ಕೈ ನಡುಕ, ಮಲಗಿದ ಮೇಲೆ ಮಾತ್ರ ಎಚ್ಚರವೋ ಎಚ್ಚರ. ವಯಸ್ಸು ಎಂದುಕೊಂಡೆ. ಆಮೇಲೆ ಆ ತೋಳುಗಳ ಸಂಗತಿ ನಡೆಯಿತು. ಶಾಲೆಯೊಂದರ ಸಮವಸ್ತ್ರದ ಆರ್ಡರ್ ಇತ್ತು. ನನ್ನ ಕೆಲಸ ನಿನಗೆ ಗೊತ್ತಲ್ಲ, ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ಮಾದರಿ ಕಾಗದವಿಟ್ಟು ಕಟಿಂಗ್ ಮೆಷಿನ್ ಓಡಿಸುವುದು. ಎಡತೋಳು ಮುಗಿದ ಮೇಲೆ ಮಾದರಿಯನ್ನು ಮಗುಚಿ ಹಾಕಬೇಕು, ಇಲ್ಲದಿದ್ದರೆ ಬಲತೋಳು ಬರುವುದೇ ಇಲ್ಲ. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಮರೆತವಳಲ್ಲ. ಅವತ್ತು ಇನ್ನೂರು ಎಡತೋಳು ಕತ್ತರಿಸಿದ್ದೆ. ಮಾಲೀಕರು ಬಂದು ನೋಡಿ, "ಎರಡೂ ಕೈ ಎಡಗೈ ಇರೋ ಮಕ್ಕಳ ಶಾಲೆ ಯಾವುದಮ್ಮಾ, ನನಗೂ ತೋರಿಸಿ" ಎಂದರು. ನನಗೆ ನಗು ಬಂತು, ನಿಲ್ಲಲಿಲ್ಲ. ನಗುತ್ತಲೇ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋದೆನಂತೆ. ಮೆಷಿನ್ ಆರಿಸಿರಲಿಲ್ಲ. ಬ್ಲೇಡಿಗೂ ನನ್ನ ಹೆಬ್ಬೆರಳಿಗೂ ಒಂದು ಗೇಣು ಅಂತರವಿತ್ತು ಎಂದು ಅಲ್ಲಿದ್ದವರು ಆಮೇಲೆ ಹೇಳಿದರು.

ನೀನು ಫೋನಿನಲ್ಲೇ ರೋಗ ಕಂಡುಹಿಡಿದೆ. "ಅಕ್ಕಾ, ಇದು ಅಡ್ರಿನಲ್ ಫಟೀಗ್ ಕಣೇ, ಒತ್ತಡಕ್ಕೆ ಒಳಗಿನ ಗ್ರಂಥಿಗಳೇ ದಣಿದುಹೋಗೋದು, ನಾನು ಎಲ್ಲಾ ಓದಿದೀನಿ" ಎಂದೆ. ಓದಿದವಳು ನೀನು, ಅನುಭವಿಸಿದವಳು ನಾನು. ಡಾಕ್ಟರಮ್ಮನಿಗೆ ಅದೇ ಹೆಸರು ಹೇಳಿದೆ. ರಕ್ತ ಪರೀಕ್ಷೆ ಮಾಡಿಸಿ, "ಆ ಹೆಸರಿನ ಕಾಯಿಲೆ ನಮ್ಮ ಪುಸ್ತಕದಲ್ಲಿಲ್ಲ. ಆದ್ರೆ ನಿಮ್ಮ ಸುಸ್ತು ಸುಳ್ಳಲ್ಲ. ರಾತ್ರಿ ನಿಮ್ಮನ್ನ ಯಾರು ಎಬ್ಬಿಸ್ತಾರೆ?" ಎಂದು ಕೇಳಿದರು. ಅಮ್ಮ ಎಂದೆ. ಆರು ಸಲ ಎಬ್ಬಿಸುತ್ತಾಳೆ. ದಿಂಬು ಮಗುಚು, ಬಾಗಿಲು ಹಾಕಿದೆಯಾ, ಗಂಟೆಯೆಷ್ಟು. ಬೆಳಗಾದರೆ ಪಕ್ಕದ ಮನೆಯವರ ಹತ್ತಿರ, ರಾತ್ರಿಯೆಲ್ಲಾ ತನ್ನನ್ನು ಕೇಳುವವರಿಲ್ಲ ಎಂದು ಕಣ್ಣೊರೆಸಿಕೊಳ್ಳುತ್ತಾಳೆ. "ಚಿಕ್ಕವಳ ಹತ್ರ ಇದ್ದಿದ್ರೆ ನನಗೀ ಗತಿ ಬರ್ತಿರ್ಲಿಲ್ಲ" ಎನ್ನುವುದು ಮೂರು ಹೊತ್ತೂ ಇದ್ದದ್ದೇ. ದೂರದ ಬೆಟ್ಟ ನುಣ್ಣಗೆ, ನಿನ್ನ ತಪ್ಪು ಎನ್ನಲೇ?

ಡಾಕ್ಟರಮ್ಮನ ಮಾತೂ ನಿನ್ನ ಮಾತೂ ಹೆಚ್ಚು ಕಡಿಮೆ ಒಂದೇ ಆಗಿದ್ದವು, ಎಲ್ಲವನ್ನೂ ಪಾಲಿಸಿದೆ. ಕಾಫಿ ಒಂದೇ ಲೋಟಕ್ಕೆ ಇಳಿಯಿತು. ಎದ್ದ ಒಂದು ಗಂಟೆಯೊಳಗೆ ಎರಡು ಮೊಟ್ಟೆ, ಬೆಳಗಿನ ಬಿಸಿಲಲ್ಲಿ ಅರ್ಧ ಗಂಟೆ ನಡಿಗೆ, ಹತ್ತಕ್ಕೆ ದೀಪ ಆರಿಸುವುದು. ಓವರ್‌ಟೈಮಿಗೆ ಆಗುವುದಿಲ್ಲ ಎಂದೆ. ಮಾಲೀಕರು ನನ್ನನ್ನು ಮೊದಲ ಸಲ ನೋಡಿದವರಂತೆ ನೋಡಿದರು. ಒಂದು ತಿಂಗಳಲ್ಲಿ ಮುಖಕ್ಕೆ ಬಣ್ಣ ಬಂತು, ನಡುಕ ಹೋಯಿತು. ರಾತ್ರಿಗಳು ಮಾತ್ರ ಹಾಗೇ ಇದ್ದವು. ಅಮ್ಮನನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಗೊತ್ತು ಮಾಡಿದೆ. ಅಮ್ಮ ಮೂರನೇ ದಿನ ಅವಳ ಮೇಲೆ ಲೋಟ ಎಸೆದು ಓಡಿಸಿದಳು. ಸ್ವಲ್ಪ ದಿನ ನಿನ್ನಲ್ಲಿ ಇಟ್ಟುಕೋ ಎಂದಾಗ ನೀನು, "ಪಾಪ ಅಕ್ಕಾ, ವಯಸ್ಸಾಗಿದೆ, ಜಾಗ ಬದಲಾದ್ರೆ ಒಗ್ಗಲ್ಲ" ಎಂದೆ. ಅದೇ ಉಸಿರಿನಲ್ಲಿ, "ಭಾರ ಅನ್ಸಿದ್ದನ್ನ ಕೆಳಗಿಡೋದು ಕಲಿ" ಎಂದೂ ಹೇಳಿದೆ. ಉಪದೇಶಕ್ಕೆ ಕಾಸು ಖರ್ಚಿಲ್ಲ ನೋಡು.

ನಿನ್ನ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಅಮ್ಮನ ಮೇಲೂ ಇದೆ. ಹೋದ ಗುರುವಾರ ಐದನೇ ಸಲ ಎದ್ದು ದಿಂಬು ಮಗುಚುವಾಗ, ಅದನ್ನು ಅವಳ ತಲೆಯ ಕೆಳಗಿಡದೆ ಕೈಯಲ್ಲೇ ಹಿಡಿದು ಸ್ವಲ್ಪ ಹೊತ್ತು ನಿಂತೆ. ಅವಳು ಕಣ್ಣು ಮುಚ್ಚಿದ್ದಳು. ಯಾಕೆ ನಿಂತೆ ಎನ್ನುವುದು ನನಗೆ ಗೊತ್ತು, ನಿನಗೂ ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಡಾಕ್ಟರಮ್ಮನಿಗೆ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, "ಇನ್ನು ನೀವಿಬ್ಬರೂ ಒಂದೇ ಮನೆಯಲ್ಲಿ ಇರಬಾರದು" ಎಂದರು.

ಹೊತ್ತಾಯಿತು, ನಿಲ್ಲಿಸುತ್ತೇನೆ. ನಿನಗೂ ನಿನ್ನ ಯಜಮಾನರಿಗೂ ಆಯುಸ್ಸು, ಆರೋಗ್ಯ, ಎಲ್ಲಕ್ಕಿಂತ ಮೊದಲು ಒಳ್ಳೆಯ ನಿದ್ದೆ ಸಿಗಲಿ ಎಂದು ಹರಸುವ,

ನಿನ್ನ ಅಕ್ಕ

ತಾ.ಕ.: ಕಾರಿನವನು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ, ಅಮ್ಮನ ಕೈಯಲ್ಲೇ ಕೊಡುತ್ತಿದ್ದೇನೆ. ನೀನು ಇದನ್ನು ಓದುತ್ತಿದ್ದೀಯ ಎಂದರೆ ಅವಳು ನಿನ್ನ ಬಾಗಿಲಲ್ಲಿ ನಿಂತಿದ್ದಾಳೆ. ಮೊದಲು ಕೂರಿಸು, ಕಾಲು ಊದಿರುತ್ತದೆ. ಮಾತ್ರೆಗಳು ಸಣ್ಣ ಚೀಲದಲ್ಲಿವೆ. ಚಿಕ್ಕವಳ ಮನೆಗೆ ಎಂದು ಹೊಸ ಬಟ್ಟೆ ಹಾಕಿಕೊಂಡು ಐದು ಗಂಟೆಯಿಂದ ಸಿದ್ಧವಾಗಿ ಕೂತಿದ್ದಾಳೆ. ನಾಲ್ಕು ದಿನಕ್ಕೆ ಎಂದು ಹೇಳಿ ಕಳಿಸುತ್ತಿದ್ದೇನೆ. ಅವಳ ಮಂಚವನ್ನು ಬೇಕೆಂದವರೊಬ್ಬರಿಗೆ ಕೊಡಲು ಒಪ್ಪಿಕೊಂಡಿದ್ದೇನೆ, ಮಧ್ಯಾಹ್ನ ಬಂದು ಒಯ್ಯುತ್ತಾರೆ. ಐದನೇ ದಿನ ಅವಳು ದೊಡ್ಡವಳು ಯಾವಾಗ ಬರುತ್ತಾಳೆ ಎಂದು ಕೇಳುತ್ತಾಳೆ. ನಾನು ಬರುವುದಿಲ್ಲ. ಅದನ್ನು ನೀನೇ ಹೇಳು, ನೀನು ಹೇಳಿದ್ದನ್ನು ಅವಳು ನಂಬುತ್ತಾಳೆ.