ಹಳದಿ ಪಿನ್ನು

ಮನೆಯಿಂದ,
ಮಂಗಳವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಮಗಳೇ,

ಹೇಗಿದ್ದೀಯೇ? ಏಣಿ ಹತ್ತಿ ಇಳಿದು ಮೊಣಕಾಲು ನೋವು ಎಂದಿದ್ದೆಯಲ್ಲ, ಕಡಿಮೆಯಾಯಿತೇ? ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟುಕೊಂಡು ಕೂತುಕೋ, ನಾಚಿಕೆ ಬೇಡ. ಬೆಂಕಿ ಆರಿಸುವವರಿಗೂ ಕಾಲು ನೋಯುತ್ತದೆ. ಹೊಟ್ಟೆ ತುಂಬ ಊಟ ಮಾಡು. ಅಷ್ಟು ದಪ್ಪದ ನೀರಿನ ಪೈಪು ಹೊತ್ತು ಓಡಬೇಕಾದವಳು ಎರಡು ತುತ್ತು ತಿಂದು ಎದ್ದರೆ ಆಗುತ್ತದೆಯೇ? ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮ ಯಾಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡ. ನಿಮ್ಮ ತರಬೇತಿ ಶಿಬಿರದವರು ಫೋನು ಕೊಡುವುದು ಭಾನುವಾರ ಹತ್ತೇ ನಿಮಿಷ, ಅದರಲ್ಲಿ ಒಂಬತ್ತು ನಿಮಿಷ ನಿಮ್ಮಪ್ಪನ ಭಾಷಣ. ನನ್ನ ಕೈಗೆ ಫೋನು ಬರುವಷ್ಟರಲ್ಲಿ ನೀನು "ಇಡ್ತೀನಿ ಕಣಮ್ಮಾ" ಅನ್ನುತ್ತೀ. ಅದೂ ಅಲ್ಲದೆ ಈಗ ಬರೆಯುವ ಸಮಾಚಾರ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳುವಂಥದ್ದಲ್ಲ.

ಹೊರಡುವಾಗ ನೀನು ನನ್ನ ಕಿವಿಯಲ್ಲಿ ಹೇಳಿ ಹೋದೆಯಲ್ಲ, "ಅಮ್ಮಾ, ಏನಾದ್ರೂ ಮಾಡಿ ಅಪ್ಪನ ಕಣ್ಣು ತೋರಿಸು. ನನ್ನ ಪೆರೇಡ್ ದಿನ ಅವರು ನನ್ನ ನೋಡ್ಬೇಕು" ಎಂದು. ನಾಲ್ಕು ತಿಂಗಳು ಹೇಳಿ ಹೇಳಿ ನನಗೆ ಬಾಯಿ ನೋವು ಬಂತೇ ಹೊರತು ನಿಮ್ಮಪ್ಪ ಜಗ್ಗಲಿಲ್ಲ. ಕಣ್ಣಿನ ಮಾತೆತ್ತಿದರೆ ಸಾಕು, "ಮೂವತ್ತೈದು ವರ್ಷ ಸೂಜಿಗೆ ದಾರ ಪೋಣಿಸಿದ ಕಣ್ಣು ಕಣೇ ಇದು!" ಈಗ ದಾರ ಪೋಣಿಸಿಕೊಡುತ್ತಿರುವವಳು ನಾನು ಎಂಬುದನ್ನು ಮಾತ್ರ ಯಾರ ಹತ್ತಿರವೂ ಹೇಳುವುದಿಲ್ಲ. ಪಕ್ಕದ ಮನೆಯ ಮೇಷ್ಟ್ರ ಕಪ್ಪು ಪ್ಯಾಂಟಿಗೆ ಕಂದು ದಾರ ಹಾಕಿ ಹೊಲಿದು, ಕೇಳಿದರೆ "ಇದು ಹೊಸ ಫ್ಯಾಷನ್ನು ಸಾರ್" ಎಂದರು. ಪಾಪ, ಆತ ಒಳ್ಳೆಯ ಮನುಷ್ಯ, ಹಾಕಿಕೊಂಡು ಓಡಾಡುತ್ತಿದ್ದಾನೆ. ನಿನ್ನ ತಾತ ಮಂದಗಣ್ಣು ಎಂದು ಆಸ್ಪತ್ರೆಗೆ ಹೋಗಿ ಆ ಕಣ್ಣನ್ನೇ ಕಳೆದುಕೊಂಡು ಬಂದದ್ದು ನಿಮ್ಮಪ್ಪನ ತಲೆಯಲ್ಲಿ ಕೂತುಬಿಟ್ಟಿದೆ. ಹೆದರಿಕೆ ಎಂದು ಬಾಯಿಬಿಟ್ಟು ಹೇಳುವ ಪೈಕಿ ಅವರಲ್ಲ, ಅದು ನಿನಗೂ ಗೊತ್ತು.

ಇರಲಿ, ಟಿ.ವಿ. ವಿಷಯಕ್ಕೆ ಬರುತ್ತೇನೆ. ನೀನು ಹೋದ ಮೇಲೆ ನಿಮ್ಮಪ್ಪನಿಗೆ ಹೊಲಿಗೆಕೋಣೆಯಲ್ಲಿ ಬೇಜಾರು ಶುರುವಾಯಿತು. ಒಂದು ದಿನ ಅಟ್ಟದ ಮೇಲಿನ ಹಳೇ ಡುಬ್ಬದ ಟಿ.ವಿ.ಯನ್ನು ನಿನ್ನ ತಮ್ಮನ ಕೈಲಿ ಇಳಿಸಿ ಮೆಷೀನಿನ ಎದುರಿಗೆ ಇಡಿಸಿಕೊಂಡರು. ಡಿಶ್‌ನವನು ಬಂದು ಇನ್ನೊಂದು ಬಾಕ್ಸು ಹಾಕುತ್ತೇನೆ, ಆಗ ಅವರವರಿಗೆ ಬೇಕಾದ್ದು ಅವರವರು ನೋಡಬಹುದು ಎಂದ. ನಿಮ್ಮಪ್ಪ ಸುತರಾಂ ಒಪ್ಪಲಿಲ್ಲ. "ಒಂದೇ ಮನೆ, ಒಂದೇ ಬಾಕ್ಸು" ಎಂದು ಪಟ್ಟು ಹಿಡಿದರು. ಸರಿ, ಹಾಲಿನಲ್ಲಿರುವ ಬಾಕ್ಸಿನ ಹಿಂದೆ ಮೂರು ತೂತಿತ್ತಲ್ಲ, ಅಲ್ಲಿಂದಲೇ ಉದ್ದದ ವೈರೆಳೆದು, ಗೋಡೆಗೆ ಡ್ರಿಲ್ ಹೊಡೆದು, ಆ ಕಡೆಯ ಹಳೇ ಟಿ.ವಿ.ಗೆ ಮೂರು ಬಣ್ಣದ ಪಿನ್ನು ಸಿಕ್ಕಿಸಿದ. ಹಳದಿಯದು ಚಿತ್ರಕ್ಕೆ, ಬಿಳಿ ಕೆಂಪು ಎರಡೂ ಸದ್ದಿಗೆ ಎಂದು ನನಗೆ ಪಾಠವನ್ನೂ ಮಾಡಿದ. ಗೋಡೆಯ ಸುಣ್ಣವೆಲ್ಲ ನಾನು ಒಗೆದು ಮಡಿಸಿಟ್ಟ ಬಟ್ಟೆಯ ಮೇಲೆ ಬಿತ್ತು, ಅದನ್ನು ಯಾರೂ ಕೇಳಲಿಲ್ಲ.

ಆಮೇಲೆ ಶುರುವಾಯಿತು ನೋಡು ತಮಾಷೆ. ಬಾಕ್ಸು ಒಂದೇ ಆದ್ದರಿಂದ ಹಾಲಿನಲ್ಲಿ ಏನು ಬರುತ್ತದೋ ಕೋಣೆಯಲ್ಲೂ ಅದೇ. ರಿಮೋಟಂತೂ ಬಾಕ್ಸಿನ ಮುಂದೆ ಹಿಡಿದರೆ ಮಾತ್ರ ಕೆಲಸ ಮಾಡುತ್ತದೆ, ಅದು ನಿನ್ನ ತಮ್ಮನ ಕೈಯಲ್ಲಿ. ಅವನು ಮ್ಯಾಚು ಹಾಕಿದರೆ ಒಳಗಿಂದ ಕತ್ತರಿಯಲ್ಲಿ ಮೇಜಿಗೆ ಟಕ್ ಎಂದು ಒಂದು ಏಟು: ಮುಂದಿನ ಚಾನೆಲ್ಲು. ಟಕ್ ಟಕ್ ಎಂದರೆ ಹಿಂದಿನದು. ಸುಮ್ಮನೆ ಒಂದೇ ಸಮನೆ ಬಡಿದರೆ "ಸೀರಿಯಲ್ ಟೈಮಾಯ್ತು, ಹಾಕೋ ಕತ್ತೆ!" ನಿನ್ನ ತಮ್ಮ ಮೊದಲು ಕುಣಿದಾಡಿದ. ಈಗ ಅವನೇ ಸಂಜೆ ಕೆಲಸದಿಂದ ಬಂದವನು ಶೂ ಬಿಚ್ಚುವ ಮೊದಲೇ, "ಅಮ್ಮಾ, ಆ ಅತ್ತಿಗೆ ಮನೆ ಬಿಟ್ಟು ಹೋದ್ಲಾ?" ಎಂದು ಸೀರಿಯಲ್ ಕಥೆ ಕೇಳುತ್ತಾನೆ. ಗೋಡೆಯ ಆ ಕಡೆ ಒಬ್ಬರು, ಈ ಕಡೆ ಒಬ್ಬ, ಇಬ್ಬರೂ ಒಂದೇ ಮಾತಿಗೆ ನಕ್ಕಾಗ ನನಗೂ ಒಲೆಯ ಮುಂದೆ ನಗು ತಡೆಯಲಾಗುವುದಿಲ್ಲ.

ಹೋದ ವಾರ ಬುಧವಾರ ಕೋಣೆ ಗುಡಿಸುವಾಗ ಪೊರಕೆಗೆ ಸಿಕ್ಕಿ ಆ ಹಳದಿ ಪಿನ್ನು ಕಳಚಿಕೊಂಡಿತ್ತು. ಬಿಳಿ, ಕೆಂಪು ಇದ್ದ ಹಾಗೇ ಇದ್ದವು. ಅಂದರೆ ಸದ್ದು ಬರುತ್ತಿತ್ತು, ಚಿತ್ರವಿಲ್ಲ, ಪರದೆ ತುಂಬ ಬರೀ ನೀಲಿ. ನಿಮ್ಮಪ್ಪ ತುಟಿ ಪಿಟಕ್ಕೆನ್ನಲಿಲ್ಲ. ಬುಧವಾರ ಕೂತು ಸೀರಿಯಲ್ "ನೋಡಿದರು". ಗುರುವಾರ ಮ್ಯಾಚು "ನೋಡಿ", ಔಟಾದವನನ್ನು ಬೈದರು. ಆದರೆ ಕತ್ತರಿಯ ಸದ್ದು ನಿಂತುಹೋಗಿತ್ತು. ಊಟವೂ ಅರ್ಧಕ್ಕರ್ಧ. ಶುಕ್ರವಾರ ಚಹಾ ಕೊಡಲು ಹೋದವಳು, "ಆ ಅತ್ತಿಗೆ ಇವತ್ತು ಯಾವ ಬಣ್ಣದ ಬಟ್ಟೆ ಹಾಕಿದ್ದಾಳೆ?" ಎಂದು ಕೇಳಿದೆ. ಬಣ್ಣ ಕೇಳಿದರೆ ಅಂಚು, ಗುಂಡಿ, ಹೊಲಿಗೆ ಎಲ್ಲ ಹೇಳುತ್ತಿದ್ದ ಮನುಷ್ಯ, ಸಣ್ಣ ದನಿಯಲ್ಲಿ, "ನೀಲಿ... ನೀಲಿನೇ ಅಲ್ವೇನೇ?" ಎಂದರು.

ನಿನ್ನ ತಮ್ಮನನ್ನು ಕೂಗಿದೆ. ಅವನು ಬಂದು ಟಿ.ವಿ. ಹಿಂದೆ ಕೈ ಹಾಕಿ ಪಿನ್ನು ಒತ್ತಿದ. ಚಿತ್ರ ಬಂತು. ನಿಮ್ಮಪ್ಪ ಕೂತಲ್ಲಿಂದ ಎದ್ದುಬಿಟ್ಟರು. "ಬಂತು! ಲೋ, ಬಂತು ಕಣೋ!" ಎಂದು ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡರು, ಬಿಡಲೇ ಇಲ್ಲ. ಎರಡು ದಿನದಿಂದ ಬರೀ ನೀಲಿ ಕಾಣುತ್ತಿತ್ತಂತೆ, ತನ್ನ ಕಣ್ಣಿಗೆ ಚಿತ್ರ ಕಾಣುವುದೇ ನಿಂತಿತು, ಇನ್ನು ಬಾಕಿ ಕಾಣುವುದೂ ಹೀಗೇ ಒಂದೊಂದಾಗಿ ಹೋಗುತ್ತದೆ ಎಂದುಕೊಂಡು ಕೂತಿದ್ದರಂತೆ. "ಒಂದು ಮಾತು ಕೇಳ್ಬಾರದಾಗಿತ್ತಾ ಅಪ್ಪಾ?" ಎಂದು ಇವನು ರೇಗಿದರೆ, "ಕೇಳಿ, ನೀವು ಚಿತ್ರ ಸರಿಯಾಗಿದೆ ಅಂದಿದ್ರೆ ಏನ್ ಮಾಡ್ಲಿ?" ಎಂದರು. ನಾನು ಅಲ್ಲಿ ನಿಲ್ಲಲಾರದೆ ಅಡುಗೆಮನೆಗೆ ಬಂದು ಒಂದಿಷ್ಟು ಅತ್ತೆ. ನಿನ್ನ ತಮ್ಮ ಮಾತ್ರ ಜಾಣ, ಅವರ ಧೈರ್ಯ ಆರುವ ಮೊದಲೇ ಚಪ್ಪಲಿ ತಂದು ಕಾಲ ಬಳಿ ಇಟ್ಟ.

ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಎರಡೂ ಕಣ್ಣು ನೋಡಿದರು. ಪೊರೆಯಂತೆ, ಚೆನ್ನಾಗಿ ಬಲಿತಿದೆಯಂತೆ, ತೆಗೆದರೆ ಮತ್ತೆ ಸೂಜಿ ಪೋಣಿಸಬಹುದು ಎಂದರು. ತಾತನ ಕಥೆಯನ್ನೂ ಇವರು ಮೊದಲಿಂದ ಕೊನೆಯವರೆಗೆ ಹೇಳಿದರು. ಆಕೆ ಪುಣ್ಯಾತ್ಗಿತ್ತಿ, ಅರ್ಧ ಗಂಟೆ ಕೂತು ಕೇಳಿ, ಆಗಿನ ಕಾಲಕ್ಕೂ ಈಗಿನದಕ್ಕೂ ಏನು ವ್ಯತ್ಯಾಸ ಎಂದು ಬಿಡಿಸಿ ಹೇಳಿದರು. ಬರುವ ಸೋಮವಾರ ಬಲಗಣ್ಣಿನ ಆಪರೇಷನ್. ನಿನ್ನ ಪೆರೇಡಿಗೆ ಇನ್ನೂ ಆರು ವಾರ ಇದೆಯಲ್ಲ, ಅಷ್ಟರಲ್ಲಿ ಒಂದು ಕಣ್ಣಾದರೂ ನಿನಗಾಗಿ ತಯಾರಾಗಿರುತ್ತದೆ. ನಿನ್ನ ಯೂನಿಫಾರಂ ನಿಮ್ಮಪ್ಪ ತಾವೇ ಸರಿಮಾಡಿ ಕೊಡುತ್ತಾರಂತೆ, ಭುಜದ ಹತ್ತಿರ ಸಡಿಲವಿದ್ದರೆ ಅಲ್ಲಿ ಯಾರ ಕೈಗೂ ಕೊಡಬೇಡ ಎಂದು ಹೇಳಿದ್ದಾರೆ. ಡಿಶ್‌ನವನು ಮತ್ತೆ ಬಂದು ಇನ್ನೊಂದು ಬಾಕ್ಸು ಎಂದ. ಈ ಸಲ ಅವನನ್ನು ಓಡಿಸಿದವನು ನಿನ್ನ ತಮ್ಮ.

ಮೈ ಕಡೆ ಜೋಪಾನ. ಏಣಿ ಹತ್ತುವಾಗ ಕೆಳಗೆ ನೋಡಬೇಡ. ನಿನ್ನ ಜೊತೆಯ ಹುಡುಗಿಯರನ್ನು ಕೇಳಿದೆನೆಂದು ಹೇಳು. ನಿನಗೆ ಒಳ್ಳೆಯದಾಗಲಿ, ಹಾಕಿದ ಹೆಜ್ಜೆಯೆಲ್ಲ ಗಟ್ಟಿಯಾಗಿ ನಿಲ್ಲಲಿ ಕಂದಾ.

ನಿನ್ನ
ಅಮ್ಮ

ತಾಜಾಕಲಂ: ಲಕೋಟೆ ಅಂಟಿಸಲು ಹೋದರೆ ಕೈ ಬರಲಿಲ್ಲ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಪೊರಕೆಗೆ ಸಿಕ್ಕಿತು ಎಂದು ಎಲ್ಲರಿಗೂ ಹೇಳಿದ್ದೇನೆ, ನಿನಗೂ ಹಾಗೇ ಬರೆದೆ. ಸುಳ್ಳು. ಹಳದಿ ಪಿನ್ನು ಕಿತ್ತವಳು ನಾನೇ. ಕಣ್ಣು ಚೆನ್ನಾಗಿದ್ದರೆ ಐದು ನಿಮಿಷದಲ್ಲಿ "ಚಿತ್ರ ಎಲ್ಲೋ?" ಎಂದು ಮನೆ ಹಾರುವಂತೆ ಕೂಗುತ್ತಾರೆ, ಕೂಗಿದರೆ ಇನ್ನು ನಾನು ಕಣ್ಣಿನ ಮಾತೇ ಎತ್ತುವುದಿಲ್ಲ ಎಂದುಕೊಂಡಿದ್ದೆ. ಎರಡು ದಿನ ಅಡುಗೆಮನೆಯಲ್ಲಿ ನಿಂತು ಆ ಕೂಗಿಗೆ ಕಾದೆ ಕಣೇ. ಒಳಗೆ ಅಷ್ಟು ಹೆದರಿ ಕೂತಿದ್ದಾರೆಂದು ನನಗೆ ಹೊಳೆಯಲೇ ಇಲ್ಲ. ಭಾನುವಾರ ಫೋನಿನಲ್ಲಿ ನೀನು ಬಾಯಿ ಬಿಡಬೇಡ. ಕಣ್ಣಿನ ಪಟ್ಟಿ ಬಿಚ್ಚಿದ ದಿನ ನಾನೇ ಎದುರಿಗೆ ಕೂತು ಹೇಳುತ್ತೇನೆ. ಬೈಯುವುದಾದರೆ ನನ್ನ ಮುಖ ನೋಡಿಕೊಂಡೇ ಬೈಯಲಿ.